ಮ್ಯಾಡ್ ಅಂದರೆ ಹುಚ್ಚೋ, ಸಿಟ್ಟೋ?

ಚಿಂತಾಮಣಿಯಿಂದ ಕೇಳಿದ್ದೀರಿ: ಅಮೆರಿಕದ ಗ್ರಾಹಕರೊಬ್ಬರು ‘ಆರ್ ಯು ಮ್ಯಾಡ್ ಅಟ್ ಮಿ?’ ಎಂದು ಬರೆದಿದ್ದಾರೆ, ನನ್ನನ್ನು ಹುಚ್ಚ ಅಂದರಾ ಅಂತ. ಖಂಡಿತ ಇಲ್ಲ. ‘ನನ್ನ ಮೇಲೆ ಸಿಟ್ಟಾ?’ ಎಂದು ಕೇಳಿದ್ದಾರೆ ಅಷ್ಟೇ, ಬೇಜಾರು ಮಾಡಿಕೊಳ್ಳಬೇಡಿ.

ಗುಟ್ಟಿರುವುದು ಪಕ್ಕದ ಪದದಲ್ಲಿ. ‘ಅಟ್’ ಬಂದರೆ ಸಿಟ್ಟು. ಕೋಲಾರದ ಮಂಡಿಯಲ್ಲಿ ಟೊಮೆಟೊ ದರ ಬಿದ್ದು ರೈತರು ದಲ್ಲಾಳಿ ಮೇಲೆ ರೇಗಿದರೆ ‘ಮ್ಯಾಡ್ ಅಟ್ ದಿ ಏಜೆಂಟ್’. ‘ಅಬೌಟ್’ ಬಂದಾಗ ಮಾತ್ರ ವಿಷಯ ನೋಡಬೇಕು: ‘ಮ್ಯಾಡ್ ಅಬೌಟ್ ಕ್ರಿಕೆಟ್’ ಎಂದರೆ ಕ್ರಿಕೆಟ್ ಹುಚ್ಚು, ‘ಮ್ಯಾಡ್ ಅಬೌಟ್ ದ ಡಿಲೇ’ ಎಂದರೆ ತಡವಾಗಿದ್ದಕ್ಕೆ ಕೋಪ. ನಮ್ಮವರು ಹೆಚ್ಚು ಎಡವುವುದು ನಾಮಪದದ ಮುಂದೆ. ‘ಎ ಮ್ಯಾಡ್ ಮ್ಯಾನ್’ ಸಿಟ್ಟಾದವನಲ್ಲ, ಹುಚ್ಚ. ಸಿಟ್ಟಿಗೆ ‘ಆ್ಯಂಗ್ರಿ ಮ್ಯಾನ್’ ಎನ್ನಬೇಕು. ‘ಮ್ಯಾಡ್ ಡಾಗ್’ ರೇಬೀಸ್ ಹಿಡಿದ ನಾಯಿ. ‘ಮ್ಯಾಡ್‌ನೆಸ್’ ಕೂಡ ಹುಚ್ಚುತನವೇ, ಕೋಪವಲ್ಲ.

ಬ್ರಿಟನ್ನಿನವರಿಗೆ ಬರೆಯುವಾಗ ‘ಆ್ಯಂಗ್ರಿ’ ಬಳಸಿ. ಅಲ್ಲಿ ಬರೀ ‘ಮ್ಯಾಡ್’ ಅಂದರೆ ತಲೆಕೆಟ್ಟಿದೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ.

ಮಾನಸಿಕ ಕಾಯಿಲೆ ಇರುವವರಿಗೆ ದಯವಿಟ್ಟು ಈ ಪದ ಬೇಡ, ಅದು ನೋಯಿಸುತ್ತದೆ. ಮಾನಸಿಕ ಕಾಯಿಲೆ ಕುರಿತ ನಮ್ಮ ದೇಶದ 1912ರ ಕಾಯ್ದೆಯ ಹೆಸರಲ್ಲೇ ‘ಲೂನಸಿ’, ಅಂದರೆ ಹುಚ್ಚು, ಎಂಬ ಪದ ಇತ್ತು. 2017ರದ್ದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕಾನೂನೇ ಮಾತು ಬದಲಿಸಿಕೊಂಡಿದೆ.

ನಿಮ್ಮ ಗ್ರಾಹಕರಿಗೆ ‘ನೋ, ಐ ಆ್ಯಮ್ ನಾಟ್ ಅಪ್‌ಸೆಟ್ ವಿತ್ ಯು’ ಎಂದು ಉತ್ತರಿಸಿ, ಸಾಕು.