ಕ್ರಿಕೆಟ್ ಪ್ರಶ್ನೋತ್ತರ: ಆ 15 ಹೆಸರುಗಳು

ಪ್ರಶ್ನೆ: ವಿಶ್ವಕಪ್‌ಗೆ 15 ಜನರ ಹೆಸರು ಕೊಟ್ಟ ಮೇಲೂ ಯಾರನ್ನಾದರೂ ಸೇರಿಸಬಹುದಾ? 2023ರಲ್ಲಿ ಆಲ್‌ರೌಂಡರ್ ಹಾರ್ದಿಕ್ ಪಾಂಡ್ಯ ಜಾಗಕ್ಕೆ ಬೌಲರ್ ಪ್ರಸಿದ್ಧ್ ಕೃಷ್ಣ ಬಂದಿದ್ದು ಯಾಕೆ? – ಓದುಗರೊಬ್ಬರು, ತಿಪಟೂರು

ಉತ್ತರ: ಮನಸ್ಸಿಗೆ ಬಂದ ಹಾಗೆ ಸೇರಿಸುವ ಹಾಗಿಲ್ಲ. ಐಸಿಸಿ ಒಂದು ಗಡುವು ಕೊಡುತ್ತದೆ, ಅಲ್ಲಿಯವರೆಗೆ ಯಾರನ್ನು ಬೇಕಾದರೂ ಬದಲಿಸಬಹುದು. 2023ರಲ್ಲಿ ಅದು ಸೆಪ್ಟೆಂಬರ್ 28 ಆಗಿತ್ತು. ಗಾಯಗೊಂಡಿದ್ದ ಅಕ್ಷರ್ ಪಟೇಲ್ ಬದಲು ಅಶ್ವಿನ್ ಒಳಗೆ ಬಂದಿದ್ದು ಅದೇ ದಿನ. ಆಮೇಲೆ ಬದಲಾವಣೆ ಬೇಕೆಂದರೆ ಗಾಯ ಅಥವಾ ಅಂಥದ್ದೇ ಕಾರಣ ಇರಬೇಕು, ಟೂರ್ನಿಯ ತಾಂತ್ರಿಕ ಸಮಿತಿ ಒಪ್ಪಬೇಕು. ಒಮ್ಮೆ ಹೆಸರು ಹೊರಗೆ ಹೋಯಿತೋ, ಆ ಆಟಗಾರ ನಾಲ್ಕು ದಿನದಲ್ಲಿ ಹುಷಾರಾದರೂ ಸುಮ್ನೆ ವಾಪಸ್ ಬರಲು ಆಗುವುದಿಲ್ಲ.

ಹಾರ್ದಿಕ್ ವಿಷಯದಲ್ಲಿ ಅಷ್ಟು ದಿನ ಕಾದಿದ್ದೂ ಇದಕ್ಕೇ. ಪುಣೆಯಲ್ಲಿ ಬಾಂಗ್ಲಾದೇಶದ ಮೇಲೆ ತಮ್ಮದೇ ಬೌಲಿಂಗ್‌ನಲ್ಲಿ ಚೆಂಡನ್ನು ಕಾಲಲ್ಲಿ ತಡೆಯಲು ಹೋಗಿ ಪಾದ ಹೊರಳಿತು, ಓವರ್‌ನ ಉಳಿದ ಮೂರು ಎಸೆತವನ್ನು ಕೊಹ್ಲಿ ಹಾಕಿದರು, ನೆನಪಿದೆಯಾ? ಅದು ಅಕ್ಟೋಬರ್ 19. ಪ್ರಸಿದ್ಧ್ ಹೆಸರು ಬಂದಿದ್ದು ನವೆಂಬರ್ 4ಕ್ಕೆ. ಅಷ್ಟರಲ್ಲಿ ವೇಗಿ ಶಮಿ ಆಡುವ ಹನ್ನೊಂದರೊಳಗೆ ಬಂದು ವಿಕೆಟ್ ಮೇಲೆ ವಿಕೆಟ್ ಕೀಳುತ್ತಿದ್ದರು. ಬುಮ್ರಾ, ಸಿರಾಜ್, ಶಮಿ ಮೂವರಲ್ಲಿ ಒಬ್ಬರಿಗೆ ಏನಾದರೂ ಆದರೆ ಅದೇ ವೇಗದಲ್ಲಿ ಹಾಕುವವರು ಹೊರಗೆ ಕೂತವರಲ್ಲಿ ಇರಲಿಲ್ಲ. ನನ್ನ ಪ್ರಕಾರ ಆ ಲೆಕ್ಕ ಸರಿಯೇ ಇತ್ತು.

ಪ್ರಶ್ನೆ: ಒಂದೂ ಪಂದ್ಯ ಆಡದವರನ್ನೂ ವಿಶ್ವಕಪ್ ಗೆದ್ದವರು ಅನ್ನಬೇಕಾ? – ಓದುಗರು, ಹಾವೇರಿ

ಉತ್ತರ: ಖಂಡಿತ ಅನ್ನಬೇಕು. 1983ರ ತಂಡದಲ್ಲಿ ಇದ್ದಿದ್ದು 14 ಜನ, ಅವರಲ್ಲಿ ಎಡಗೈ ವೇಗಿ ಸುನಿಲ್ ವಾಲ್ಸನ್ ಒಬ್ಬರೇ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದೆಯೂ ಅವರಿಗೆ ಭಾರತದ ಪರ ಆಡುವ ಅವಕಾಶ ಸಿಗಲೇ ಇಲ್ಲ. ನಮ್ಮ ರೋಜರ್ ಬಿನ್ನಿ 18 ವಿಕೆಟ್, ಮದನ್ ಲಾಲ್ 17 ವಿಕೆಟ್ ತೆಗೆದಿದ್ದ ಟೂರ್ನಿ ಅದು, ಯಾರನ್ನು ಕೂರಿಸಿ ವಾಲ್ಸನ್‌ಗೆ ಚೆಂಡು ಕೊಡುತ್ತೀರಿ ಹೇಳಿ? ತಂಡ ಗೆಲ್ಲುತ್ತಿದ್ದಾಗ ಹೊರಗೆ ಕೂರುವುದು ಕೆಟ್ಟ ಆಟದ ಗುರುತಲ್ಲ. 2019ರಲ್ಲಿ ವಿಜಯ್ ಶಂಕರ್ ಬದಲು ಹೋದ ಮಯಾಂಕ್ ಅಗರವಾಲ್, 2023ರಲ್ಲಿ ಪ್ರಸಿದ್ಧ್, ಇಬ್ಬರೂ ಕರ್ನಾಟಕದವರು, ಇಬ್ಬರೂ ಮಧ್ಯದಲ್ಲಿ ಕರೆ ಬಂದು ಹೋದವರು, ಇಬ್ಬರಿಗೂ ಒಂದೂ ಪಂದ್ಯ ಸಿಗಲಿಲ್ಲ. ನನಗೆ ಅದು ಈಗಲೂ ಬೇಜಾರೇ.

ಪ್ರಶ್ನೆ: ಶೆಫಾಲಿ ವರ್ಮಾ 2025ರ ಮಹಿಳಾ ವಿಶ್ವಕಪ್‌ನ 15ರಲ್ಲೇ ಇರಲಿಲ್ಲ ಅಲ್ವಾ? – ಓದುಗರು, ದಾವಣಗೆರೆ

ಉತ್ತರ: 15ರಲ್ಲಿ ಹೋಗಲಿ, ಮೀಸಲು ಪಟ್ಟಿಯಲ್ಲೂ ಇರಲಿಲ್ಲ. ಸೂರತ್‌ನಲ್ಲಿ ಹರಿಯಾಣ ಪರ ದೇಶಿ ಟಿ20 ಆಡುತ್ತಿದ್ದರು. ಆರಂಭಿಕ ಆಟಗಾರ್ತಿ ಪ್ರತಿಕಾ ರಾವಲ್ ಫೀಲ್ಡಿಂಗ್ ಮಾಡುವಾಗ ಗಾಯಗೊಂಡರು, ಸೆಮಿಫೈನಲ್‌ಗೆ ಮೊದಲು ಶೆಫಾಲಿಗೆ ಕರೆ ಹೋಯಿತು. ಸೆಮಿಫೈನಲ್‌ನಲ್ಲಿ ಬರೀ 10 ರನ್. ಫೈನಲ್‌ನಲ್ಲಿ 87 ರನ್, ಜೊತೆಗೆ ಯಾರೂ ಎಣಿಸದೇ ಇದ್ದ ಎರಡು ವಿಕೆಟ್, ಪಂದ್ಯಶ್ರೇಷ್ಠ ಪ್ರಶಸ್ತಿ. ಆದರೆ ಅಲ್ಲಿಯವರೆಗೆ ತಂಡವನ್ನು ತಂದವರಲ್ಲಿ 308 ರನ್ ಹೊಡೆದ ಪ್ರತಿಕಾ ಕೂಡ ಒಬ್ಬರು, ಅದನ್ನು ಮರೆಯಬೇಡಿ. ನವಿ ಮುಂಬೈಯಲ್ಲಿ ಕಪ್ ಗೆದ್ದ ರಾತ್ರಿ ಅವರು ಗಾಲಿಕುರ್ಚಿಯಲ್ಲೇ ಮೈದಾನಕ್ಕೆ ಬಂದು ತಂಡದ ಜೊತೆ ಸೇರಿಕೊಂಡರು.