ಬ್ಲೂ-ರೇ ಡಿಸ್ಕ್‌ಗೆ ಹಣ ಹಾಕಬಹುದೇ?

ಪ್ರಶ್ನೆ: ನಮ್ಮ ಚಾವಡಿಯಲ್ಲಿ 55 ಇಂಚಿನ 4ಕೆ ಟಿ.ವಿ. ಇದೆ, ಸುಮಾರು ಎಂಟು ಅಡಿ ದೂರದಲ್ಲಿ ಕುಳಿತು ನೋಡುತ್ತೇವೆ. ದುಬೈಯಲ್ಲಿರುವ ಭಾವ ಮುಂದಿನ ತಿಂಗಳು ಊರಿಗೆ ಬರುವಾಗ ಡಿವಿಡಿಯಂತೆ ಸಿನಿಮಾ ತುಂಬಿರುವ, ಆದರೆ ಅದಕ್ಕಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕ್‌ಗಳನ್ನು ತರುವೆನೆಂದಿದ್ದಾರೆ. ಪ್ಲೇಯರನ್ನು ನಾವು ಇಲ್ಲಿಯೇ ಕೊಳ್ಳಬೇಕು. ಇಂಟರ್‌ನೆಟ್‌ನಲ್ಲಿ ಇಷ್ಟೊಂದು ಸಿನಿಮಾ ಸಿಗುತ್ತಿರುವಾಗ ಈ ಖರ್ಚು ಸಾರ್ಥಕವೇ?
– ಓದುಗರು, ಉಡುಪಿ

ಉತ್ತರ: ಮೊದಲು ನಿಮ್ಮ ಭಾವನವರಿಗೆ ಒಂದು ವಿಷಯ ತಿಳಿಸಿಬಿಡಿ. ಬ್ಲೂ-ರೇ ಡಿಸ್ಕ್‌ಗಳಿಗೆ ಎ, ಬಿ, ಸಿ ಎಂಬ ಮೂರು ವಲಯಗಳಿವೆ. ಕೊಲ್ಲಿ ದೇಶಗಳು ಬಿ ವಲಯಕ್ಕೂ ಭಾರತವು ಸಿ ವಲಯಕ್ಕೂ ಸೇರಿವೆ. ಬಿ ವಲಯಕ್ಕಷ್ಟೇ ಮೀಸಲಾದ ಡಿಸ್ಕ್, ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರಿನಲ್ಲಿ ಓಡುವುದಿಲ್ಲ. ಡಬ್ಬಿಯ ಹಿಂಬದಿಯಲ್ಲಿ ಮೂರೂ ವಲಯಗಳ ಗುರುತಿದ್ದರೆ ಮಾತ್ರ ಅದನ್ನು ತರಲಿ. 2016ರಲ್ಲಿ ಮಾರುಕಟ್ಟೆಗೆ ಬಂದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ಈ ಕಟ್ಟುಪಾಡಿಲ್ಲ, ಆದರೆ ಅವಕ್ಕೆ ಅದೇ ದರ್ಜೆಯ ಪ್ಲೇಯರ್ ಬೇಕು.

ಇನ್ನು ಚಿತ್ರದ ವಿಚಾರ. ನಮ್ಮಲ್ಲಿ ಮಾರಾಟವಾಗುವ ಡಿವಿಡಿಯ ಚಿತ್ರದಲ್ಲಿ 576 ಸಾಲುಗಳಿದ್ದರೆ ಬ್ಲೂ-ರೇಯಲ್ಲಿ 1080 ಸಾಲುಗಳಿರುತ್ತವೆ. 32 ಇಂಚಿನ ಪರದೆಯನ್ನು ಎಂಟು ಅಡಿಯಾಚೆಯಿಂದ ನೋಡುವವರ ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ಗೋಚರಿಸದು. ನಿಮ್ಮ 55 ಇಂಚಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಇಂಟರ್‌ನೆಟ್ಟಿನಲ್ಲೂ 1080 ಸಾಲುಗಳ ಚಿತ್ರ ಬರುತ್ತದಲ್ಲ ಎಂದು ನೀವು ಕೇಳಬಹುದು. ಸಾಲುಗಳ ಸಂಖ್ಯೆ ಒಂದೇ ಆಗಿದ್ದರೂ ಆ ಸಾಲುಗಳನ್ನು ತುಂಬಲು ಬಳಸುವ ಮಾಹಿತಿಯ ಪ್ರಮಾಣ ಒಂದೇ ಅಲ್ಲ: ಬ್ಲೂ-ರೇಯಲ್ಲಿ ಚಿತ್ರಕ್ಕೆಂದೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಅವಕಾಶವಿದ್ದರೆ, ಅದೇ ಸಾಲುಗಳ ಚಿತ್ರ ಇಂಟರ್‌ನೆಟ್ಟಿನಲ್ಲಿ ಸಾಮಾನ್ಯವಾಗಿ ಐದಾರು ಮೆಗಾಬಿಟ್‌ನಲ್ಲಿಯೇ ಮುಗಿಯುತ್ತದೆ. ಇಬ್ಬರು ಕುಳಿತು ಮಾತನಾಡುವ ದೃಶ್ಯಕ್ಕೆ ಅಷ್ಟು ಧಾರಾಳವಾಗಿ ಸಾಕು. ಮಲ್ಪೆಯ ಕಡಲಿನಂತೆ ಅಲೆಗಳು ಒಂದರ ಮೇಲೊಂದು ಬರುವ ದೃಶ್ಯವನ್ನೋ, ಆಟಿ ತಿಂಗಳ ಜಡಿಮಳೆಯಂಥ ಮಳೆಯನ್ನೋ ನೋಡುವಾಗ ಮಾತ್ರ ಕೊರತೆ ತಿಳಿಯುತ್ತದೆ. ಒಂದರ ಹಿಂದೊಂದು ಮೂಡುವ ಬಿಡಿ ಚಿತ್ರಗಳಲ್ಲಿ, ಅಂದರೆ ಚೌಕಟ್ಟುಗಳಲ್ಲಿ, ಬದಲಾಗದ ಭಾಗವನ್ನು ಹಿಂದಿನದರಿಂದಲೇ ಎರವಲು ಪಡೆದು ಮಾಹಿತಿ ಉಳಿಸಲಾಗುತ್ತದೆ. ಇಲ್ಲಿ ಪ್ರತಿ ಚೌಕಟ್ಟಿನಲ್ಲೂ ಎಲ್ಲವೂ ಬದಲಾಗುತ್ತಿರುವುದರಿಂದ ಹಿಂದಿನ ಚೌಕಟ್ಟಿನಿಂದ ಎರವಲು ಪಡೆಯಲು ಏನೂ ಉಳಿಯದೆ, ಹನಿಗಳು ಕಲಸಿಹೋಗಿ ಮಂಜಿನಂತಾಗುತ್ತವೆ. ದೀಪದ ಬೆಳಕಿನ ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಪಟ್ಟೆ ಪಟ್ಟೆಯಾಗಿ ಒಡೆಯುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಧ್ವನಿಯ ಅಂತರ ಇದಕ್ಕಿಂತಲೂ ದೊಡ್ಡದು ಎಂಬುದು ನನ್ನ ಅನುಭವ. ಡಿಸ್ಕ್‌ನಲ್ಲಿ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ರೂಪದಲ್ಲಿ, ಏನನ್ನೂ ಕಳೆಯದೆ ಮುದ್ರಿಸಿದ ಧ್ವನಿ ಇರುತ್ತದೆ. ಇಂಟರ್‌ನೆಟ್ಟಿನಲ್ಲಿ ಬರುವುದು ಸಾಕಷ್ಟು ಹಿಂಡಿ ತೆಗೆದ ಧ್ವನಿ. ಆದರೆ ಟಿ.ವಿ.ಯೊಳಗಿನ ಪುಟ್ಟ ಸ್ಪೀಕರುಗಳಲ್ಲಿ ಎರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಆದ್ದರಿಂದ ಮನೆಯಲ್ಲಿ ಪ್ರತ್ಯೇಕ ಸ್ಪೀಕರುಗಳಿಲ್ಲದಿದ್ದರೆ, ಪ್ಲೇಯರಿಗೆ ಇಟ್ಟ ಹಣವನ್ನು ಮೊದಲು ಅವಕ್ಕೇ ಹಾಕಿರೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಸ್ಪೀಕರುಗಳು ಈಗಾಗಲೇ ಇದ್ದರೆ, ಮತ್ತೆ ಮತ್ತೆ ನೋಡಬೇಕೆನಿಸುವ ಹತ್ತೋ ಹದಿನೈದೋ ಚಿತ್ರಗಳಿಗಾಗಿ ಡಿಸ್ಕ್ ಕೊಳ್ಳುವುದು ಖಂಡಿತ ಸಾರ್ಥಕ. ಒಮ್ಮೆ ನೋಡಿ ಬಿಡುವ ಚಿತ್ರಗಳಿಗೆ ಬೇಡ. ಕನ್ನಡ, ತುಳು ಚಿತ್ರಗಳನ್ನು ಈ ಡಿಸ್ಕ್‌ಗಳಲ್ಲಿ ಹುಡುಕಿದರೆ ನಿರಾಶೆಯಾದೀತು. ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಚಿತ್ರಗಳೇ.

ಪ್ಲೇಯರ್ ತಯಾರಿಸುವ ಕಂಪನಿಗಳು ಕಡಿಮೆಯಾಗುತ್ತಿರುವುದನ್ನೂ ಗಮನದಲ್ಲಿಡಿ. ಹೆಸರುವಾಸಿಯಾಗಿದ್ದ ಒಪ್ಪೊ ಕಂಪನಿಯು 2018ರಲ್ಲಿಯೇ ಈ ಕೆಲಸದಿಂದ ಹಿಂದೆ ಸರಿಯಿತು. ಮನೆಯಲ್ಲಿ ಮಕ್ಕಳಿಗಾಗಿ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಎಂಬ ವಿಡಿಯೊ ಗೇಮ್ ಯಂತ್ರ ತಂದಿದ್ದರೆ ಬೇರೆ ಪ್ಲೇಯರ್ ಬೇಕಾಗಿಯೇ ಇಲ್ಲ, ಅದು 4ಕೆ ಡಿಸ್ಕ್‌ಗಳನ್ನೂ ಓದುತ್ತದೆ.

ಪ್ರಶ್ನೆ: ನನ್ನಲ್ಲಿ ಯಕ್ಷಗಾನದ ಹಳೆಯ ವಿಸಿಡಿ, ಡಿವಿಡಿಗಳು ಬಹಳಷ್ಟಿವೆ. ಬ್ಲೂ-ರೇ ಪ್ಲೇಯರಿನಲ್ಲಿ ಹಾಕಿದರೆ ಅವು ಸ್ಪಷ್ಟವಾಗುತ್ತವೆಯೇ?
– ಓದುಗರು, ಮಂಗಳೂರು

ಉತ್ತರ: ಡಿವಿಡಿಗಳ ಚಿತ್ರ ತುಸು ನಯವಾಗಿ ಕಾಣಬಹುದು, ಆದರೆ ಚಿತ್ರೀಕರಣದಲ್ಲಿಯೇ ದಾಖಲಾಗದ ಮುಖವರ್ಣಿಕೆಯ ಗೆರೆಗಳನ್ನು ಯಾವ ಪ್ಲೇಯರೂ ತಂದುಕೊಡಲಾರದು. ವಿಸಿಡಿಯನ್ನು ಕೆಲವು ಬ್ಲೂ-ರೇ ಪ್ಲೇಯರುಗಳು ಓದುವುದೇ ಇಲ್ಲ, ಅಂಗಡಿಯಲ್ಲಿ ಒಂದನ್ನು ಹಾಕಿ ನೋಡಿಯೇ ಕೊಳ್ಳಿ. ಅದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ: ನಮ್ಮ ಕರಾವಳಿಯ ತೇವಕ್ಕೆ ಡಿಸ್ಕ್‌ಗಳಿಗೂ ಬೂಸ್ಟು ಹಿಡಿಯುತ್ತದೆ. ಈ ಮಳೆಗಾಲಕ್ಕೆ ಮುನ್ನ ಎಲ್ಲವನ್ನೂ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಕಂಪ್ಯೂಟರಿನಲ್ಲಿ ಪ್ರತಿ ಮಾಡಿ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಮತ್ತೆ ಮುದ್ರಣಗೊಳ್ಳದ ಪ್ರಸಂಗಗಳು ನಿಮ್ಮ ಕಪಾಟಿನಲ್ಲಿ ಇರಬಹುದಾದ್ದರಿಂದ ಮೊದಲು ಅವುಗಳಿಂದಲೇ ಆರಂಭಿಸಿ.