ಮೊದಲು ಒಂದೇ ಒಂದು ಚಾಕು ಕೊಳ್ಳಿ

ಜಪಾನೀ ಮರದಚ್ಚಿನ ಚಿತ್ರಕ್ಕೆ ಹಲಗೆ ಕೆತ್ತೋದು ಕಲಿಯಬೇಕು, ಹನ್ನೆರಡು ಉಳಿಗಳ ಸೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಹಂಗಿತೋ ತಗೊಳ್ಳಿ. ಓರೆ ಬಾಯಿಯ ಸಣ್ಣ ಚಾಕು ಅದು. ಜೊತೆಗೆ 1000 ಮತ್ತು 6000 ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಸಾಣೆಕಲ್ಲು ಇರಲಿ. ಮಿಕ್ಕಿದ್ದು ಆಮೇಲೆ.

ನಾನು ಶುರು ಮಾಡಿದ್ದು ವಿ ಆಕಾರದ ಉಳಿಯಿಂದ. ಬೇಗ ಕೈಗೆ ಹತ್ತುತ್ತೆ, ನಿಜ. ಆದರೆ ಮರದ ನಾರಿಗೆ ಓರೆಯಾಗಿ ಹೋದಾಗ ಅದರ ಒಂದು ಬದಿ ನಾರಿನ ಜೊತೆ ಸಾಗುತ್ತದೆ, ಇನ್ನೊಂದು ಬದಿ ನಾರನ್ನು ಕಿತ್ತು ಹಾಕುತ್ತದೆ. ಗೆರೆಯ ಅಂಚು ಜುಂಗು ಜುಂಗಾಗಿ ಏಳುತ್ತದೆ. ಚಾಕುವಿನಲ್ಲಿ ಈ ಕಾಟ ತುಂಬಾ ಕಡಿಮೆ.

ಚಾಕುವನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಹಿಡಿಯ ತಲೆಯ ಮೇಲಿಡಿ. ಇನ್ನೊಂದು ಕೈಯ ಬೆರಳು ಅಲಗಿನ ಹತ್ತಿರ ದಾರಿ ತೋರಿಸಲಿ. ನಿಮ್ಮ ಕಡೆಗೆ ಎಳೆಯಿರಿ. ಇಲ್ಲೇ ಎಲ್ಲರೂ ತಪ್ಪುವುದು: ಅಲಗು ಉಬ್ಬಾಗಿ ಉಳಿಯಬೇಕಾದ ಗೆರೆಯ ಅಡಿಗೆ ನುಗ್ಗಬಾರದು, ಗೆರೆಯಿಂದ ಆಚೆಗೆ ಇಳಿಯಬೇಕು. ಗದ್ದೆಯ ಬದು ನೋಡಿದ್ದೀರಲ್ವಾ? ಮೇಲೆ ಸಪೂರ, ಬುಡ ಅಗಲ. ನಿಮ್ಮ ಗೆರೆ ಹಾಗೆ ನಿಲ್ಲಬೇಕು. ಬುಡ ಕೊರೆದುಹೋದ ಗೆರೆ ಕೆತ್ತುವಾಗ ಚೆನ್ನಾಗೇ ಕಾಣುತ್ತದೆ. ಅಚ್ಚೊತ್ತಲು ಕಾಗದದ ಮೇಲೆ ಬಾರೆನ್ (ಉಜ್ಜುವ ದುಂಡನೆಯ ಚಪ್ಪಟೆ ಸಾಧನ) ಇಟ್ಟು ಒತ್ತಿ ಉಜ್ಜಿದಾಗ ಮುರಿಯುತ್ತದೆ. ಮೊದಲ ಕೊಯ್ತ ಆದಮೇಲೆ ಒಂದೆರಡು ಮಿಲಿಮೀಟರ್ ಆಚೆಯಿಂದ ಎದುರು ಓರೆಯಲ್ಲಿ ಇನ್ನೊಂದು ಕೊಯ್ತ. ಎರಡೂ ಒಳಗೆ ಸೇರಿದರೆ ಮರದ ಎಳೆ ದಾರದ ಹಾಗೆ ಎದ್ದು ಬರುತ್ತದೆ. ಆ ಎಳೆ ಮೊದಲ ಸಲ ತುಂಡಾಗದೆ ಬಂದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಜಪಾನೀ ಚಿತ್ರಕಾರ ಹಿರೋಶಿಗೆಯ 1857ರ ಶಿನ್-ಓಹಾಶಿ ಸೇತುವೆಯ ಮಳೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಆ ಕೂದಲೆಳೆಯ ಮಳೆಗೆರೆ ಒಂದೊಂದೂ ಹೀಗೆ ಎರಡೂ ಬದಿ ಕೊಯ್ದು ಉಳಿಸಿದ್ದು. ಚಿತ್ರ ಬರೆದವನೇ ಕೆತ್ತುತ್ತಿರಲಿಲ್ಲ. ಅದಕ್ಕೆ ಹೊರಿಶಿ ಅಂತ ಬೇರೆ ಕಸುಬಿನವರೇ ಇದ್ದರು. ಮುಖ, ಕೂದಲು ಕೆತ್ತುವ ಕೆಲಸ ನುರಿತ ಹಿರಿಯರ ಕೈಗೇ ಹೋಗುತ್ತಿತ್ತು. ಮೊದಲ ತಿಂಗಳಲ್ಲೇ ಮುಖಕ್ಕೆ ಕೈ ಹಾಕಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಮರ? ಹಳಬರು ಕಾಡು ಚೆರ್ರಿಯ ಹಲಗೆ ಬಳಸುತ್ತಿದ್ದರು. ಗಟ್ಟಿ, ದುಬಾರಿ. ಕಲಿಯಲು ಶೀನಾ ಅನ್ನುವ ಮೆತ್ತನೆ ಮರದ ಪ್ಲೈವುಡ್ ಸಾಕು.

ಚಿತ್ರವನ್ನು ತೆಳು ಕಾಗದದಲ್ಲಿ ಬರೆದು, ಬೋರಲಾಗಿ ಹಲಗೆಗೆ ಅಂಟಿಸಿ. ಸ್ವಲ್ಪ ಒದ್ದೆ ಇರುವಾಗಲೇ ಹಿಂಬದಿಯ ಕಾಗದವನ್ನು ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ ತೆಗೆಯಿರಿ. ಒಂದು ಹನಿ ಎಣ್ಣೆ ಸವರಿದರೆ ಗೆರೆಗಳು ಕನ್ನಡಕ ಒರೆಸಿದ ಹಾಗೆ ಸ್ಪಷ್ಟವಾಗುತ್ತವೆ. ಕಾಗದ ಕೂರಿಸುವ ಕೆಂತೋ ಗುರುತುಗಳನ್ನೂ ಇದೇ ಹಲಗೆಯಲ್ಲಿ ಕೆತ್ತಿಕೊಳ್ಳಿ. ಮರೆತರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಗೆರೆ ಮುರಿದರೆ ಹಲಗೆ ಎಸೆಯಬೇಡಿ. ಆ ಜಾಗವನ್ನು ಚೌಕವಾಗಿ ತೋಡಿ, ಅದೇ ಮರದ ತುಂಡನ್ನು ನಾರು ಹೊಂದುವಂತೆ ಬಿಗಿಯಾಗಿ ಕೂರಿಸಿ, ಮಟ್ಟ ಮಾಡಿ ಮತ್ತೆ ಕೆತ್ತಿ. ಜಪಾನಿನ ಕೆತ್ತನೆಗಾರರೂ ಹೀಗೇ ಮಾಡುತ್ತಾರೆ. ಇದಕ್ಕೆ ಇರೆಕಿ ಅಂತ ಹೆಸರೇ ಇದೆ.